ಸೌಮ್ಯಕ್ಕನ ಉಡಿ

ಯೂನಿವರ್ಸಿಟಿಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಮರುದಿನ ಪರಿಶೀಲನಾ ತಂಡ ಬರುವುದಿತ್ತು. ಅವತ್ತೇ ಹಿಂದಿನ ಬ್ಲಾಕಿನ ಒಳಚರಂಡಿ ಚೇಂಬರು ಕಟ್ಟಿಕೊಂಡು, ಹೊಲಸು ನೀರು ಬಚ್ಚಲು ದಾಟಿ ಕಾರಿಡಾರಿಗೆ ಬಂತು.

ಕಟ್ಟದೆ ಏನು ಮಾಡೀತು? ವಿದ್ಯಾರ್ಥಿನಿಯರ ‘ಚೇತನಾ’ ಸಂಘದವರು ಅಲ್ಲಿ ಪ್ಯಾಡು ಸುಡುವ ಯಂತ್ರ ಹಾಕಿಸಿದ್ದರು. ರಿಬ್ಬನ್ನು ಕತ್ತರಿಸಿದ್ದಾಯಿತು, ಪೇಪರಿನಲ್ಲಿ ಫೋಟೋ ಬಂದದ್ದಾಯಿತು. ಯಂತ್ರ ಕೆಲವೇ ದಿನ ಉರಿದು ತಣ್ಣಗಾಯಿತು. ರಿಪೇರಿಗೆ ಯಾರೂ ಓಡಾಡಲಿಲ್ಲ. ಯಂತ್ರ ಇರುವಾಗ ಕಸದ ಡಬ್ಬಿ ಇಟ್ಟರೆ ನೋಡಿದವರು ಏನಂದುಕೊಂಡಾರು ಎಂದು ವಾರ್ಡನ್ ಶಾಂಭವಿ ಮೇಡಂ ಡಬ್ಬಿಗಳನ್ನೂ ತೆಗೆಸಿಬಿಟ್ಟರು. ಹುಡುಗಿಯರು ಎಲ್ಲಿ ಹಾಕಬೇಕು? ಕಮೋಡಿಗೆ ಹಾಕಿದರು, ನೀರು ಬಿಟ್ಟರು, ಕೈ ತೊಳೆದುಕೊಂಡರು. ಅವರ ಕೈ ಸ್ವಚ್ಛವಾಯಿತು.

ಹಿಂದಿನ ಬ್ಲಾಕು ಅಂದರೆ ಕೇರಿಗಳಿಂದ, ತಾಂಡಾಗಳಿಂದ ಬಂದ ಹುಡುಗಿಯರ ಬ್ಲಾಕು. ಮುಂದಿನ ಬ್ಲಾಕಿನಲ್ಲಿ ಉಳಿದವರು. ಹೀಗೇ ಇರಬೇಕೆಂದು ಯಾರೂ ಹೇಳಿರಲಿಲ್ಲ, ತಾನೇ ಆಗಿದ್ದು ಅನ್ನುತ್ತಿದ್ದರು. ಇಂಥವೆಲ್ಲ ಈ ದೇಶದಲ್ಲಿ ತಾವೇ ಆಗುತ್ತವೆ. ಎರಡೂ ಬ್ಲಾಕಿನ ನೀರು ಹರಿದು ಬಂದು ಸೇರುವ ಚೇಂಬರು ಮಾತ್ರ ಹಿಂದಿನ ಬ್ಲಾಕಿನ ಅಂಗಳದಲ್ಲಿತ್ತು.

ಯಶೋಧರಾ ಕ್ಲಾಸು ಮುಗಿಸಿ ಬಂದಾಗ ಅವಳ ತಾಯಿ ಶೇವಂತೆವ್ವ ಆ ಚೇಂಬರಿನಲ್ಲಿ ಸೊಂಟದವರೆಗೆ ಇಳಿದಿದ್ದಳು.

ಶೇವಂತೆವ್ವ ಅದೇ ಹಾಸ್ಟೆಲಿನ ಕಕ್ಕಸು ತೊಳೆಯುವವಳು. ಉಪ್ಪಿನಬೆಟಗೇರಿಯಿಂದ ಮುಂಜಾನೆಯ ಮೊದಲ ಬಸ್ಸಿಗೆ ಬಂದು ಸಂಜೆ ತಿರುಗಿ ಹೋಗುತ್ತಿದ್ದಳು. ಮಗಳು ಅದೇ ಹಾಸ್ಟೆಲಿನಲ್ಲಿದ್ದು ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದಳು. ತಾಯಿ ಯಾರು ಎಂಬುದನ್ನು ಯಶೋಧರಾ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಊಟದ ಕೋಣೆಯಲ್ಲಿ ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಉಂಡದ್ದೂ ಇತ್ತು. ಅಂಥ ದಿನ ಅವಳ ಮೇಜಿಗೆ ಬೇರೆ ಯಾರೂ ಬರುತ್ತಿರಲಿಲ್ಲ.

ಚೇಂಬರಿನ ಬಾಯಲ್ಲಿ ಸೌಮ್ಯಾ ನಿಂತಿದ್ದಳು. ಮೂಗಿಗೆ ವೇಲು ಸುತ್ತಿಕೊಂಡು ಮೊಬೈಲಿನ ಟಾರ್ಚು ಒಳಗೆ ಬಿಡುತ್ತಿದ್ದಳು. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯ ಮಗಳು, ಸಮಾಜಕಾರ್ಯದ ವಿದ್ಯಾರ್ಥಿನಿ, ಚೇತನಾ ಸಂಘದ ಅಧ್ಯಕ್ಷೆ. ಅವಳಿಂದ ಸ್ವಲ್ಪ ದೂರದಲ್ಲಿ ಶಾಂಭವಿ ಮೇಡಂ, ಅವರ ಹಿಂದೆ ಮುಂದಿನ ಬ್ಲಾಕಿನ ಹುಡುಗಿಯರು.

“ಇನ್ನೊಂದೀಟು ಕೆಳಗ ಕೈ ಹಾಕವ್ವಾ. ಅಲ್ಲೇ ಅದ ನೋಡು, ಕಾಣಸ್ತದ” ಎಂದು ಸೌಮ್ಯಾ ಅಂದದ್ದು ಯಶೋಧರಾಳ ಕಿವಿಗೆ ಬಿತ್ತು.

“ಅವ್ವಾ, ಮ್ಯಾಲ ಬಾ!” ಯಶೋಧರಾ ಪುಸ್ತಕ ಬಿಸುಟು ಓಡಿಬಂದಳು. “ಅಕ್ಕಾ, ಏನ ಮಾಡಸಾಕತ್ತೀರಿ? ಮನಷ್ಯಾರನ್ನ ಇಳಸಬಾರದು. ಹೊಲಸ ಎಳಿಯೂ ಗಾಡಿ ಕರಸ್ರಿ.”

“ಗಾಡಿ ನಾಡದು ಬರ್ತದಂತ, ಮೇಸ್ತ್ರಿ ದತ್ತು ಹೇಳ್ಯಾನ. ತಂಡ ನಾಳೆ ಬರ್ತದ” ಅಂದಳು ಸೌಮ್ಯಾ. “ನಾನೂ ಇಲ್ಲೇ ನಿಂತೇನಲ್ಲ ಯಶು. ಏನೂ ಆಗೂದಿಲ್ಲ.”

ಅವಳು ನಿಂತದ್ದು ಮೇಲೆ. ಶೇವಂತೆವ್ವ ನಿಂತದ್ದು ಒಳಗೆ.

“ಆತ ತಗೊಳವ್ವಾ, ಇಷ್ಟ ತಗದ ಬಂದ್ನಿ” ಎಂದು ತಾಯಿ ಒಳಗಿಂದಲೇ ಮಗಳಿಗೆ ಸಮಾಧಾನ ಹೇಳಿದಳು. ಗಲ್ಲದವರೆಗೆ ಬಗ್ಗಿ, ಮುಖ ಒಂದು ಬದಿಗೆ ತಿರುಗಿಸಿ, ಬಲಗೈಯನ್ನು ಹೆಗಲಿನತನಕ ನೀರೊಳಗೆ ಇಳಿಸಿದಳು. ಬರಿಗೈ. ಒಮ್ಮೆ ಜಗ್ಗಿದಳು. ಮತ್ತೊಮ್ಮೆ ಜಗ್ಗಿದಳು. ಉಬ್ಬಿ ಗಂಟಾದ ಪ್ಯಾಡುಗಳು, ಕೂದಲು, ಚಿಂದಿ ಹೊರಬಂದವು. ಇನ್ನೊಮ್ಮೆ ಕೈ ಹಾಕಿದಾಗ “ಯವ್ವಾ” ಅಂದಳು. ಯಾವಳೋ ಬಿಸುಟ ಬ್ಲೇಡು ಎರಡು ಬೆರಳನ್ನು ಎಲುಬಿನವರೆಗೆ ಸೀಳಿತ್ತು. ಅಷ್ಟರಲ್ಲಿ ನೀರು ಗೊಳಗೊಳ ಇಳಿಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಶೇವಂತೆವ್ವ ಆ ನೋವಿನಲ್ಲೂ ತಲೆಯೆತ್ತಿ ನಕ್ಕಳು. ತನಗಾಗಿ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ಅವಳು ಅದೇ ಮೊದಲು ಕಂಡಿದ್ದಳು.

ಸೌಮ್ಯಾ ಸಂಘದ ಪೆಟ್ಟಿಗೆಯಿಂದ ಒಂದು ಅಂಟುಪಟ್ಟಿ ತಂದು ಕೊಟ್ಟಳು. ಅಂಟಿಸಲಿಲ್ಲ, ಕೊಟ್ಟಳು. ಮರುದಿನ ತಂಡ ಬಂತು, ನೋಡಿತು, ಹೊಗಳಿತು. ಸ್ವಚ್ಛ ಹಾಸ್ಟೆಲ್ ಎಂದು ಚೇತನಾ ಸಂಘಕ್ಕೆ ಒಂದು ಫಲಕ ಸಿಕ್ಕಿತು.

ಶೇವಂತೆವ್ವನ ಕೈ ಮೊಣಕೈವರೆಗೆ ಬಾತುಕೊಂಡಿತು. ಊರ ಡಾಕ್ಟರು ಮುಟ್ಟಲು ಒಪ್ಪದೆ ಹುಬ್ಬಳ್ಳಿಗೆ ಕಳಿಸಿದ. ಅಲ್ಲಿ ನಂಜು ಏರಿದೆ ಅಂದರು. ತೋರುಬೆರಳು, ನಡುಬೆರಳು ಎರಡನ್ನೂ ಬುಡಕ್ಕೆ ಕತ್ತರಿಸಿದರು.

ಗುತ್ತಿಗೆದಾರನ ಮೇಸ್ತ್ರಿ ದತ್ತು ಆಸ್ಪತ್ರೆಗೆ ಬಂದ. ಬಾಳೆಹಣ್ಣು ತಂದಿದ್ದ. ಹಣ್ಣು ಇಟ್ಟು, “ಆಕಿ ಅವತ್ತ ಕೆಲಸಕ್ಕ ಬಂದಽ ಇಲ್ಲ ನೋಡವ್ವಾ. ಮನ್ಯಾಗ ಕುಡಗೋಲ ಬಡದಿರಬೇಕು” ಅಂದ. ಯಶೋಧರಾ ಹಣ್ಣನ್ನು ಅವನ ಬೆನ್ನಿಗೆ ಬೀಸಿ ಒಗೆದಳು. ಪೊಲೀಸ್ ಠಾಣೆಗೆ ಹೋದಳು. ಅಲ್ಲಿ ಕೂತಿದ್ದವ ಪೂರ್ತಿ ಕೇಳಿದ, ನಂತರ ಕೇಳಿದ್ದು ಒಂದೇ. “ಇಳಿ ಅಂದಾವ್ರು ಯಾರು? ಮನಷ್ಯಾರನ್ನ ಇಳಸೂದು ದೊಡ್ಡ ಅಪರಾಧ, ಖರೇ. ಇಳಿಸಿದವರಿಗೆ ಜೇಲು. ಆದ್ರ ಇಳಿಸಿದ್ರು ಅಂತ ಹೇಳಾವ್ರು ಬೇಕಲ್ಲ. ನೀ ಮಗಳು. ನಿನ್ನ ಮಾತ ಯಾರ ಕೇಳತಾರ?”

ಚಪ್ಪಾಳೆ ತಟ್ಟಿದ ಹುಡುಗಿಯರು ಯಾರೂ ಅಲ್ಲಿ ಇರಲೇ ಇಲ್ಲವಂತೆ. ಒಬ್ಬಳಿಗೆ ಅವತ್ತು ತಲೆನೋವು, ಇನ್ನೊಬ್ಬಳು ಊರಿಗೆ ಹೋಗಿದ್ದಳು. ಶಾಂಭವಿ ಮೇಡಂ ಮೀಟಿಂಗಿನಲ್ಲಿದ್ದರು. ಉಳಿದವಳು ಸೌಮ್ಯಾ.

ಯಶೋಧರಾ ಅವಳ ಹತ್ತಿರ ಹೋಗಿದ್ದು ನಂಬಿಕೆಯಿಂದಲೇ. ಅದಕ್ಕೆ ಕಾರಣ ಇತ್ತು. ಚೇತನಾ ಸಂಘದಲ್ಲಿ ‘ಅಕ್ಕನಾಸರೆ’ ಎಂಬ ಕ್ರಮವಿತ್ತು. ಹೊಸದಾಗಿ ಬಂದ ಪ್ರತಿ ಹುಡುಗಿಗೂ ಹಳಬಳೊಬ್ಬಳು ಅಕ್ಕ. ಯಶೋಧರಾಳಿಗೆ ಸಿಕ್ಕ ಅಕ್ಕ ಸೌಮ್ಯಾ. ಪುಸ್ತಕ ಕೊಟ್ಟಿದ್ದಳು, ಇಂಗ್ಲಿಷು ತಿದ್ದಿದ್ದಳು, ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕಿ ಕೂತಿದ್ದಳು. ಸುಳ್ಳಲ್ಲ, ಅದೆಲ್ಲ ನಿಜವಾಗಿ ಮಾಡಿದ್ದಳು. ಯಶೋಧರಾಳನ್ನು ಸಂಘದ ಸಹಕಾರ್ಯದರ್ಶಿ ಮಾಡಿದವಳೂ ಅವಳೇ. ಕ್ಯಾಂಪಸ್ಸಿನ ಗೋಡೆಗಳ ಮೇಲೆ ‘ಮುಟ್ಟಿನ ರಕ್ತ ಮೈಲಿಗೆಯಲ್ಲ’ ಎಂದು ಸೌಮ್ಯಾ ಕೆಂಪು ಬಣ್ಣದಲ್ಲಿ ಬರೆಯುವಾಗ ಬಣ್ಣದ ಡಬ್ಬಿ ಹಿಡಿದು ನಿಂತವಳು ಯಶೋಧರಾ.

“ಅಕ್ಕಾ, ನೀ ಒಂದ ಮಾತ ಹೇಳಿದ್ರ ಸಾಕು. ನಾನಽ ಇಳಿ ಅಂದಿದ್ದೆ ಅಂತ” ಅಂದಳು.

ಸೌಮ್ಯಾ ಅವಳ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರೂ ಬಂತು. “ನನಗೂ ಭಾಳ ಸಂಕಟ ಆಗೇದ ಯಶು. ಆದ್ರ ನಾ ಎಲ್ಲೆ ಇಳಿ ಅಂದೆ? ನೋಡು ಅಂದೆ, ಅಷ್ಟ. ಆಕೀನಽ ಇಳದ್ಲು.”

“ಕೈ ಹಾಕು ಅಂದಿದ್ದು ನನ್ನ ಕಿವೀಲೆ ಕೇಳೇನಿ.”

“ಅಂದಿರಬಹುದು. ಆ ಗಡಿಬಿಡಿಯಾಗ ಯಾರಿಗೆ ನೆನಪಿರ್ತದ?” ಕೈ ಬಿಟ್ಟಳು. “ನೀನೂ ವಿಚಾರ ಮಾಡು. ಹಿಂಗಂತ ನಾ ಬಾಯಿ ಬಿಟ್ರ ಸಂಘ ಮುಳಗ್ತದ. ಎಷ್ಟು ಹುಡುಗ್ಯಾರಿಗೆ ಆಸರಾ ಅದ ಇದು. ನನ್ನ ಮದವಿ ಬ್ಯಾರೆ ಗೊತ್ತಾಗೇದ. ಕೋರ್ಟು ಕಚೇರಿ ಅಂತ ನಾ ಅಡ್ಡಾಡಿದ್ರ ಆ ಮನಿಯವರು ಏನಂದಾರು?”

“ನಮ್ಮವ್ವನ ಬೆರಳು?”

“ಅದಕ್ಕಽ ಒಂದು ಛಲೋ ವಿಚಾರ ಮಾಡೇವಿ.” ಸೌಮ್ಯಾಳ ಮುಖ ಅರಳಿತು. “ಮಹಿಳಾ ದಿನಕ್ಕ ನಿಮ್ಮ ಅವ್ವಗ ಸ್ಟೇಜಿನ ಮ್ಯಾಲ ಉಡಿ ತುಂಬತೇವಿ. ವಿಧವಾಗ ಉಡಿ! ನಮ್ಮ ಕಡೆ ಯಾರೂ ಇಂಥಾದ್ದು ಮಾಡಿಲ್ಲ. ನಾನಽ ನನ್ನ ಕೈಯಾರೆ ತುಂಬತೀನಿ.”

ಬೆರಳಿಗೆ ಬದಲು ಉಡಿ. ಅದೂ ಅವಳ ಹೆಸರು ಮೆರೆಯುವಂತೆ. ಯಶೋಧರಾಳಿಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಎದ್ದು ಬಂದಳು. ಬಾರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಸೌಮ್ಯಾಳ ಪುಣ್ಯ ಚಲೋ ಇರಲಿಲ್ಲ.

ಆ ವಾರ ಊರಿಗೆ ಹೋದಾಗ ಶೇವಂತೆವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಿದ್ದಳು ಎಂದರೆ ತಪ್ಪು. ಎಡಗೈಯಿಂದ ಒತ್ತುತ್ತಿದ್ದಳು, ಬಲಗೈಯ ಉಳಿದ ಬೆರಳುಗಳಿಂದ ತಿರುಗಿಸಲು ನೋಡುತ್ತಿದ್ದಳು. ಹಿಟ್ಟು ಒಂದೇ ಕಡೆ ಜಾರಿ ಹರಿಯುತ್ತಿತ್ತು. ಹರಿದದ್ದನ್ನು ಮುದ್ದೆ ಮಾಡಿ ಮತ್ತೆ ಇಡುತ್ತಿದ್ದಳು. ಜೀವಮಾನವಿಡೀ ಊರಿಗೆಲ್ಲ ಕೇಳುವಂತೆ ಟಪಟಪ ರೊಟ್ಟಿ ಬಡಿದ ಹೆಂಗಸು. ಈಗ ಆ ಮನೆಯಲ್ಲಿ ಸದ್ದೇ ಇರಲಿಲ್ಲ.

ಯಶೋಧರಾ ಉಡಿಯ ಸುದ್ದಿಯನ್ನು ಸಿಟ್ಟಿನಿಂದಲೇ ಹೇಳಿದಳು. ಹೇಳಿ, “ನಾ ಬ್ಯಾಡ ಅಂತ ಹೇಳತೇನಿ” ಅಂದಳು.

ಶೇವಂತೆವ್ವ ಹಿಟ್ಟಿನ ಕೈ ತಡೆದಳು. “ಖರೇನ? ನನಗ ಉಡಿ ತುಂಬತಾರಂತ?”

“ಅವ್ವಾ!”

“ನಿಮ್ಮಪ್ಪ ಹ್ವಾದ ಮ್ಯಾಲ ನನ್ನ ಸೆರಗಿನ್ಯಾಗ ಯಾರೂ ಒಂದ ಕಾಳ ಹಾಕಿಲ್ಲವ್ವ. ತವರಮನ್ಯಾವ್ರೂ ಹಾಕಿಲ್ಲ.”

ಗೋಡೆಯ ಮೇಲೆ ಬುದ್ಧನ ಚಿತ್ರವಿತ್ತು, ಪಕ್ಕದಲ್ಲಿ ಬಾಬಾಸಾಹೇಬರದು. ಗಂಡ ಹುಚ್ಚಪ್ಪ ಬೌದ್ಧ ದೀಕ್ಷೆ ತಗೊಂಡು ಬಂದು ತೂಗುಹಾಕಿದ್ದು. ಮಗಳಿಗೆ ಯಶೋಧರಾ ಎಂದು ಹೆಸರಿಟ್ಟವನೂ ಅವನೇ. ಅವನು ಬದುಕಿದ್ದಿದ್ದರೆ ಉಡಿ ಗಿಡಿ ಎಲ್ಲ ಒಲೆಗೆ ಹಾಕು ಅನ್ನುತ್ತಿದ್ದ. ಆದರೆ ಆಸೆಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ? ಶೇವಂತೆವ್ವ ಎದ್ದು ಟ್ರಂಕು ತೆಗೆದಳು. ಹಳೆಯ ಇಳಕಲ್ ಸೀರೆಯೊಂದನ್ನು ಹೊದ್ದುಕೊಂಡು, ಕನ್ನಡಿಯ ಮುಂದೆ ಎಡಗೈಯಲ್ಲಿ ಸೆರಗು ಒಡ್ಡಿ ನೋಡಿದಳು. ಬಲಗೈ ಸರಿಯಾಗಿ ಆಧಾರ ಕೊಡಲಿಲ್ಲ.

“ಒಂದಽ ಅಂಜಿಕಿ. ಕೈಯಾಗಿಂದ ಜಾರಿದ್ರ? ಉಡಿ ತುಂಬಾಕ ಬಂದ್ರ ಬ್ಯಾಡ ಅನಬಾರದು, ತುಂಬಿದ ಮ್ಯಾಲ ಚೆಲ್ಲಬಾರದು. ಮನಿ ಮುಟ್ಟೂತನಾ ಸೆರಗಿನ್ಯಾಗಽ ಇರಬೇಕು. ಲಗ್ನದ ಹುಡಿಗ್ಯಾರಂತೂ ಒಂದ ಕಾಳ ಚೆಲ್ಲೂದಿಲ್ಲ, ಬಾಳೇನಽ ಚೆಲ್ಲಿದಂಗ ಅಂತಾರ” ಅಂದಳು ಶೇವಂತೆವ್ವ.

ಯಶೋಧರಾ ತಾಯಿಯ ಸೆರಗನ್ನೇ ನೋಡುತ್ತ ಕೂತಳು. ಅವಳ ಸಿಟ್ಟು ಆಗ ಒಂದು ಹಾದಿ ಹಿಡಿಯಿತು.

“ಆತವ್ವಾ. ಹೋಗೂಣು” ಅಂದಳು.

ಹಿಂದಿನ ಬ್ಲಾಕಿನವರಿಗೆ ಸಂಘ ಎಂಬುದು ಇರಲಿಲ್ಲ. ಹೆಸರಿಲ್ಲದ ಕೂಡಿಕೆ ಒಂದಿತ್ತು. ಮಂಚದ ಕೆಳಗೆ ಅಡಗಿಸಿದ ಒಂದು ಕರೆಂಟಿನ ಒಲೆ. ಇಂಟರ್‌ವ್ಯೂಗೆ ಹೋಗುವವಳಿಗೆ ಇಡೀ ಬ್ಲಾಕಿನದು ಎಂದು ಒಂದು ಒಳ್ಳೆಯ ಚೂಡಿದಾರ. ದಪ್ಪಗಿದ್ದವಳು ಹೊಲಿಗೆ ಬಿಚ್ಚಿ ಹಾಕಿಕೊಳ್ಳುವಳು, ತೆಳ್ಳಗಿದ್ದವಳು ಪಿನ್ನು ಚುಚ್ಚಿಕೊಳ್ಳುವಳು. ಯಾರಾದರೂ ಅಳುತ್ತ ಬಂದರೆ ಮೊದಲು ಚಹಾ, ಆಮೇಲೆ ಯಾಕೆ ಎಂದು ಕೇಳುವುದು. ಇದಕ್ಕೆ ಅಧ್ಯಕ್ಷೆ ಇರಲಿಲ್ಲ, ಪೇಪರಿನಲ್ಲಿ ಫೋಟೋ ಬರುತ್ತಿರಲಿಲ್ಲ.

ಆ ಸಂಜೆ ಎಲ್ಲರೂ ಯಶೋಧರಾಳ ಕೋಣೆಯಲ್ಲಿ ಸೇರಿದರು. ಶೇವಂತೆವ್ವನ ಜೊತೆಗಾತಿ ಕಾಶೀಬಾಯಿಯೂ ಬಂದು ಬಾಗಿಲಲ್ಲಿ ಕೂತಳು. ತಾಂಡಾದ ಹೆಂಗಸು, ಬಾಯಿ ಜೋರು. ಚೇಂಬರು ಮತ್ತೆ ಕಟ್ಟತೊಡಗಿತ್ತು. ದತ್ತು ಅವತ್ತು ಮುಂಜಾನೆ ಅವಳಿಗೆ ಇಳಿ ಅಂದಿದ್ದ.

“ನೀ ಇಳಿ ಮೊದಲ, ಹಿಂದ ನಾ ಇಳೀತೇನಿ ಅಂದೆ. ಮಾರಿ ಹುಳ್ಳಗ ಮಾಡ್ಕೊಂಡ ಹ್ವಾದ. ಕೆಲಸಾ ಬಿಡಸತಾನಂತ. ಬಿಡಸ್ಲಿ. ಬೆರಳ ಅಂತೂ ಉಳೀತಾವ” ಅಂದಳು ಕಾಶೀಬಾಯಿ.

ಯಶೋಧರಾ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ಕಾಶೀಬಾಯಿ ಒಬ್ಬಳೇ ತೊಡೆ ತಟ್ಟಿಕೊಂಡು ನಕ್ಕಳು.

ಬಾಟನಿ ಓದುವ ಹುಡುಗಿಯೊಬ್ಬಳು ಕೇಳಿದಳು. “ಹಿಂಗ ಮಾಡಿದ್ರ ನಮ್ಮ ರಕ್ತ ಹೊಲಸು ಅಂತ ನಾವಽ ಅಂದಂಗ ಆಗೂದಿಲ್ಲೇನ?”

ಒಳ್ಳೆಯ ಪ್ರಶ್ನೆ. ಯಶೋಧರಾಳಿಗೂ ಅದು ಚುಚ್ಚಿತ್ತು. “ಹೊಲಸು ಅನ್ನಾವ್ರು ನಾವಲ್ಲ. ಮೈಲಿಗಿ ಅಲ್ಲ ಅಂತ ಊರತುಂಬಾ ಬರದಾಕಿ ಆಕಿ. ಕೈಯಾಗ ಹಿಡದಾಗ ಆಕಿ ಮಾರಿ ಏನನ್ನತೈತಿ ನೋಡೂಣು” ಅಂದಳು. ಸ್ವಲ್ಪ ತಡೆದು ಮತ್ತೆ ಹೇಳಿದಳು. “ಆಕಿ ಸ್ಟೇಜಿನ ಮ್ಯಾಲ ಖರೇ ಹೇಳಿದ್ರ ಗಂಟ ಚೀಲದಾಗಽ ಇರತೈತಿ. ನನ್ನಾಣಿ. ಸುಳ್ಳ ಹೇಳಿದ್ರ ಮಾತ್ರ ಬಿಡೂದಿಲ್ಲ. ನನ್ನ ಹೊರಗ ಹಾಕಿದ್ರ ಹಾಕಲಿ. ಯಾರಿಗೆ ಅಂಜಿಕಿ ಐತಿ ಅವರು ಈಗಽ ಎದ್ದು ಹೋಗ್ರಿ.”

ಒಬ್ಬಳೂ ಏಳಲಿಲ್ಲ. ಮಹಿಳಾ ದಿನದ ಮುಂಜಾನೆ ಮುಟ್ಟಾದವರು ತಮ್ಮ ತಮ್ಮ ಪ್ಯಾಡನ್ನು ತಾವೇ ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ಪ್ರಶ್ನೆ ಕೇಳಿದ ಬಾಟನಿ ಹುಡುಗಿಯೂ ತಂದಳು. ಕಾಗದ ತೆಗೆದು ಎಲ್ಲವನ್ನೂ ಒಂದು ಗುಳೇದಗುಡ್ಡದ ಕುಪ್ಪಸದ ಖಣದಲ್ಲಿ ಸಡಿಲವಾಗಿ ಕಟ್ಟಿ, ಮೇಲೆ ಅರಿಷಿಣ ಕುಂಕುಮ ಹಚ್ಚಿದರು.

ಸಭಾಂಗಣ ತುಂಬಿತ್ತು. ಸಂಘದ ಹುಡುಗಿಯರೆಲ್ಲ ಇಳಕಲ್ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದರು. ವೇದಿಕೆಯ ಹಿಂದೆ ‘ಎಲ್ಲರೂ ಸಮಾನರು, ಎಲ್ಲರೂ ಸಹೋದರಿಯರು’ ಎಂಬ ದೊಡ್ಡ ಬ್ಯಾನರು. ಮೊದಲ ಸಾಲಿನಲ್ಲಿ ಸೌಮ್ಯಾಳ ತಾಯಿ ಮುರಿಗೆವ್ವ, ಪಕ್ಕದಲ್ಲಿ ಮಗಳಿಗೆ ಅತ್ತೆಯಾಗುವವರು. ಮಗಳ ಸಾಧನೆ ನೋಡಲಿ ಎಂದೇ ಅವರನ್ನು ಕರೆತಂದಿದ್ದರು. ಕಾಶೀಬಾಯಿ ಮತ್ತು ಉಳಿದ ಕೆಲಸದ ಹೆಂಗಸರು ಬಾಗಿಲ ಹತ್ತಿರ ನಿಂತಿದ್ದರು. ಅವರಿಗೆ ಕುರ್ಚಿ ಹಾಕಿರಲಿಲ್ಲ.

ಶಾಂಭವಿ ಮೇಡಂ ಬಹಳ ಹೊತ್ತು ಮಾತಾಡಿದರು. ಆಮೇಲೆ ಶೇವಂತೆವ್ವನನ್ನು ಕರೆದರು. ಅವಳು ಮೆಟ್ಟಿಲಿಗೆ ನಮಸ್ಕಾರ ಮಾಡಿ ಹತ್ತಿದಳು. ಸೌಮ್ಯಾ ಮೊರ ಹಿಡಿದು ಬಂದಳು. ಶೇವಂತೆವ್ವ ಎಡಗೈಯಲ್ಲಿ ಸೆರಗು ಒಡ್ಡಿ, ಬ್ಯಾಂಡೇಜಿನ ಬಲಗೈಯನ್ನು ಅಡಿಗೆ ಕೊಟ್ಟಳು. ಸೌಮ್ಯಾ ಅಕ್ಕಿಯನ್ನು ಮೇಲಿನಿಂದಲೇ ಸುರಿದಳು. ಕೊಬ್ಬರಿ ಬಟ್ಟಲನ್ನು ಮೇಲಿನಿಂದಲೇ ಬಿಟ್ಟಳು. ಎಲ್ಲಿಯೂ ಅವಳ ಬೆರಳು ಆ ಸೆರಗಿಗೆ ತಾಗಲಿಲ್ಲ. ಫೋಟೋದಲ್ಲಿ ಅದು ಕಾಣುವುದಿಲ್ಲ. ಯಶೋಧರಾಳಿಗೆ ಕಂಡಿತು.

ಶೇವಂತೆವ್ವನ ಕಣ್ಣಲ್ಲಿ ಮಾತ್ರ ಧಾರೆ ಇಳಿಯುತ್ತಿತ್ತು. ಸೆರಗಿನಲ್ಲಿದ್ದ ಅಕ್ಕಿಯನ್ನು ಅವಳು ಎಳೆಗೂಸನ್ನು ನೋಡಿದಂತೆ ನೋಡುತ್ತಿದ್ದಳು. ತಾಯಿಯ ಆ ಮುಖ ನೋಡಿ ಯಶೋಧರಾಳ ಮನಸ್ಸು ಒಮ್ಮೆ ಸಡಿಲಾಯಿತು. ಬೇಡ, ಇದನ್ನು ಕೆಡಿಸುವುದು ಬೇಡ ಅನ್ನಿಸಿತು. ಚೀಲದ ಬಾಯಿ ಮುಚ್ಚಿದಳು.

ಆಗ ಸೌಮ್ಯಾ ಮೈಕು ಹಿಡಿದಳು. “ಈ ತಾಯಿಯನ್ನು ನೋಡಿ. ಯಾರೂ ಹೇಳದೆ, ಯಾರೂ ಕೇಳದೆ, ನಮ್ಮ ಮೇಲಿನ ಪ್ರೀತಿಯಿಂದ ತಾವಾಗಿಯೇ ಚೇಂಬರಿಗೆ ಇಳಿದವರು. ಬೇಡ ಬೇಡ ಎಂದು ನಾವು ಕೈಮುಗಿದು ಕೇಳಿಕೊಂಡರೂ ಇಳಿದವರು. ಇದೇ ತಾಯ್ತನ, ಇದೇ ತ್ಯಾಗ!”

ಶೇವಂತೆವ್ವ ಸೆರಗಿನಿಂದ ಮುಖ ಎತ್ತಿದಳು. “ಯವ್ವಾ, ನಾನಾಗೇ ಎಲ್ಲಿ ಇಳದೆ? ನೀನಽ ಇಳಿ ಅಂದ್ಯಲ್ಲಾ” ಅಂದಳು. ಸಿಟ್ಟಿನಿಂದಲ್ಲ, ಮರೆತವಳಿಗೆ ನೆನಪು ಮಾಡಿಕೊಡುವಂತೆ. ಮೈಕು ಅವಳ ಕಡೆ ಇರಲಿಲ್ಲ. ಚಪ್ಪಾಳೆಯಲ್ಲಿ ಆ ಮಾತು ಮುಚ್ಚಿಹೋಯಿತು. ಶಾಂಭವಿ ಮೇಡಂ ಅವಳ ಭುಜ ತಟ್ಟಿ ಪಕ್ಕಕ್ಕೆ ಸರಿಸಿದರು.

ಯಶೋಧರಾ ವೇದಿಕೆ ಹತ್ತಿದಳು. ಸಹಕಾರ್ಯದರ್ಶಿ ಎಂದು ಯಾರೂ ತಡೆಯಲಿಲ್ಲ. ಖಣದ ಗಂಟನ್ನು ತಟ್ಟೆಯಲ್ಲಿಟ್ಟು, ಸುತ್ತ ಹೂ ಹರಡಿ, ಸೌಮ್ಯಾಳ ಮುಂದೆ ನಿಂತಳು.

“ಅಕ್ಕಾ, ನಮ್ಮವ್ವಗ ನೀ ಉಡಿ ತುಂಬಿದಿ. ಲಗ್ನದ ಹುಡಿಗಿ ನೀ. ಹಿಂದಿನ ಬ್ಲಾಕಿನವರೆಲ್ಲಾ ಕೂಡಿ ನಿನಗೂ ಉಡಿ ತುಂಬತೇವಿ. ಸೆರಗ ಒಡ್ಡು.”

ಸೌಮ್ಯಾ ಒಂದು ಗಳಿಗೆ ತಡವರಿಸಿದಳು. ಕೇರಿಯವರ ಕೈಯ ಉಡಿ. ಹಿಂದೆ ಬ್ಯಾನರು, ಮುಂದೆ ಕ್ಯಾಮೆರಾ, ಕೆಳಗೆ ಅತ್ತೆ. ಬೇಡ ಅನ್ನುವುದು ಹೇಗೆ? ಜನ ಆಗಲೇ ಚಪ್ಪಾಳೆ ತಟ್ಟುತ್ತಿದ್ದರು. ನಕ್ಕು, ಎರಡೂ ಕೈಯಿಂದ ಸೆರಗು ಒಡ್ಡಿದಳು.

ಯಶೋಧರಾ ಗಂಟನ್ನು ಅದರೊಳಗೆ ಇಟ್ಟಳು. ಮೇಲಿನಿಂದ ಬಿಡಲಿಲ್ಲ, ಕೈಯಿಟ್ಟು ಒತ್ತಿ ಇಟ್ಟಳು. ಇಟ್ಟು, ಖಣದ ಒಂದು ಮಡಿಕೆಯನ್ನು ಸೌಮ್ಯಾಳಿಗೆ ಮಾತ್ರ ಕಾಣುವಷ್ಟು ಸರಿಸಿದಳು.

ಸೌಮ್ಯಾಳ ಮುಖದ ನಗು ಸತ್ತಿತು. ಸೆರಗು ಹಿಡಿದ ಕೈ ನಡುಗಿ ಸೆರಗು ಒಂದು ಬದಿ ಜಾರತೊಡಗಿತು.

ಮೊದಲ ಸಾಲಿನಿಂದ ಮುರಿಗೆವ್ವ ಗಾಬರಿಯಾಗಿ ಎದ್ದಳು. ಒಳಗೇನಿದೆ ಎಂಬುದು ಅವಳಿಗೇನು ಗೊತ್ತು? “ಸೌಮ್ಯಾ! ಚೆಲ್ಲಬ್ಯಾಡ! ಲಗ್ನಾ ಇಟ್ಕೊಂಡು ಉಡಿ ಚೆಲ್ಲಬಾರದು, ಗಟ್ಟಿ ಹಿಡಿ!” ಎಂದು ಕೂಗಿದಳು. ಅತ್ತೆಯೂ ಎದ್ದು ನಿಂತರು.

ಸೌಮ್ಯಾ ಗಟ್ಟಿ ಹಿಡಿದಳು.

ಯಶೋಧರಾಳಿಗೆ ಆಗ ಆದ ಸುಖವನ್ನು ಮುಚ್ಚಿಡುವುದು ಯಾಕೆ? ಆದದ್ದು ಸುಖವೇ. ಆಸ್ಪತ್ರೆಯ ಬಾಗಿಲಲ್ಲಿ ಕೂತ ದಿನಗಳಲ್ಲಿ ಅವಳು ಬೇಡಿಕೊಂಡಿದ್ದು ಇದನ್ನೇ. ಮೈಕು ತೆಗೆದುಕೊಂಡಳು.

“ಮುಟ್ಟಿನ ರಕ್ತ ಮೈಲಿಗಿ ಅಲ್ಲ ಅಂತ ನೀನಽ ಬರದಿದ್ದಿ ಅಕ್ಕಾ. ನಿನ್ನ ಸೆರಗಿನ್ಯಾಗ ಇರೂದು ಅದಽ. ನಮ್ಮವ್ವ ಬರಿಗೈಲೆ ಹೆಗಲಮಟಾ ಮುಳಿಗಿ ತಗದಿದ್ದೂ ಅದಽ. ನೀ ಯಾಕ ನಡಗತಿ?”

ಮುರಿಗೆವ್ವ ನಿಂತಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆಯಾಗುವವರು ಒಂದು ಹೆಜ್ಜೆ ಹಿಂದೆ ಸರಿದರು. ಶಾಂಭವಿ ಮೇಡಂ ಮೈಕು ಕಸಿಯಲು ಬಂದರು. ಅಷ್ಟರಲ್ಲಿ ಹಿಂದಿನ ಬ್ಲಾಕಿನ ಹುಡುಗಿಯರು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಎಲ್ಲರ ಮೊಬೈಲುಗಳೂ ವೇದಿಕೆಯ ಕಡೆಗಿದ್ದವು. ಮೇಡಂ ಅಲ್ಲೇ ನಿಂತರು.

“ಚೆಲ್ಲೂದಿದ್ರ ಚೆಲ್ಲು. ನಿಮ್ಮವ್ವನ ಮುಂದ, ನಿಮ್ಮತ್ತಿ ಮುಂದ ಚೆಲ್ಲು” ಅಂದಳು ಯಶೋಧರಾ. “ಇಲ್ಲಾಂದ್ರ ಖರೇ ಹೇಳು. ನಮ್ಮವ್ವನ್ನ ಇಳಿಸಿದವರು ಯಾರು?”

ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದಳು. ಸೌಮ್ಯಾಳ ಎರಡೂ ಕೈ ಸೆರಗಿನಲ್ಲಿದ್ದವು. ತಳ್ಳಲು ಕೈ ಇರಲಿಲ್ಲ, ಕಣ್ಣೀರು ಒರೆಸಿಕೊಳ್ಳಲೂ ಇರಲಿಲ್ಲ.

“ಯಶು, ನಾ ನಿನ್ನ ಅಕ್ಕ…”

“ಯಾರು ಇಳಿಸಿದ್ರು?”

“ನಾನಽ” ಅಂದಳು ಸೌಮ್ಯಾ. ಧ್ವನಿವರ್ಧಕದಲ್ಲಿ ಅದು ಹೊರಗಿನ ಅಂಗಳದವರೆಗೂ ಕೇಳಿತು. “ನಾನಽ ಇಳಿ ಅಂದೆ. ಕೈ ಹಾಕು ಅಂತನೂ ನಾನಽ ಅಂದೆ. ಮೇಡಮ್ಮೋರು ಅಲ್ಲೇ ಇದ್ರು, ದತ್ತೂಗ ಫೋನ್ ಮಾಡಿ ಕೇಳೇ ಇಳಿಸಿದ್ವಿ. ಹೇಳಿದ್ನಲ್ಲಾ, ಸಾಕಲ್ಲ? ಇನ್ನ ತಗೋ ಇದನ್ನ, ನಿನ್ನ ಕಾಲ ಬೀಳತೀನಿ.”

“ತುಂಬಿದ ಉಡಿ ತಿರಗಿ ತಗೊಳ್ಳೂ ಪದ್ಧತಿ ಇಲ್ಲ” ಅಂದಳು ಯಶೋಧರಾ. ಮೈಕು ಕೆಳಗಿಟ್ಟಳು.

ಸೌಮ್ಯಾ ಗೆಳತಿಯರ ಕಡೆ ತಿರುಗಿದಳು. ಚೇತನಾ ಸಂಘದ ಇಳಕಲ್ ಸೀರೆಗಳೆಲ್ಲ ಗೋಡೆಗೆ ಸರಿದವು. ಬಾಗಿಲ ಕಡೆ ನೋಡಿ “ಕಾಶೀಬಾಯಿ” ಎಂದು ಕರೆದಳು. ಕಾಶೀಬಾಯಿ ಕೈಕಟ್ಟಿ ನಿಂತವಳು ನಿಂತೇ ಇದ್ದಳು. ಅವಳ ಪಕ್ಕದವರೂ ಅಲುಗಲಿಲ್ಲ.

ಕೊನೆಗೆ ಸೌಮ್ಯಾ ಶೇವಂತೆವ್ವನ ಮುಂದೆ ಬಂದಳು. ಅಳುತ್ತ, ಸೆರಗು ಚಾಚಿ, “ಅವ್ವಾ, ನೀನರ ತಗೊ ಅವ್ವಾ. ನಿನಗಾದ್ರ ರೂಢಿ ಅದ” ಅಂದಳು.

ಇಷ್ಟಾದ ಮೇಲೂ ಅವಳಿಗೆ ಆ ಮಾತು ಬಂತು. ಯಶೋಧರಾ ಮುಂದೆ ನುಗ್ಗಿದಳು. ಶೇವಂತೆವ್ವ ಎಡಗೈಯಿಂದಲೇ ಅವಳನ್ನು ತಡೆದಳು. ತನ್ನ ಉಡಿಯ ಅಕ್ಕಿಯನ್ನು ಒಂದು ಕಾಳೂ ಬೀಳದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಲ್ಲಿನಿಂದ ಬ್ಯಾಂಡೇಜಿನ ತುದಿ ಕಚ್ಚಿ ಎಳೆದಳು. ಸುತ್ತು ಬಿಚ್ಚಿ ಕೆಳಗೆ ಬಿತ್ತು. ಹೊಲಿಗೆ ಹಾಕಿದ ಬಲಗೈಯನ್ನು ಸೌಮ್ಯಾಳ ಮುಖದ ಹತ್ತಿರ ಹಿಡಿದಳು.

“ರೂಢಿ ಇದ್ದ ಬೆರಳು ಹ್ವಾದುವವ್ವ. ಇನ್ನ ನೀ ರೂಢಿ ಮಾಡ್ಕೊ” ಅಂದಳು.

ಅಂ​ದು, ಮಗಳ ಹೆಗಲು ಹಿಡಿದು ಮೆಟ್ಟಿಲು ಇಳಿದಳು. ಠಾಣೆಗೆ ಹೋಗುವ ದಾರಿ ಯಾವ ಕಡೆ ಎಂದು ಕೇಳಿದಳು.